ಪಾದ ಮುಟ್ಟಿದ್ದೆ, ಪಾದ ನೋಡಿರಲಿಲ್ಲ

ನಾನು ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ತವರುಮನೆ ತಿಕೋಟಾ, ಗಂಡನ ಮನೆ ಬಬಲೇಶ್ವರ. ಒಂದು ಅಥಣಿ ರೋಡಿಗೆ, ಇನ್ನೊಂದು ಜಮಖಂಡಿ ರೋಡಿಗೆ. ಈಗ ಎರಡೂ ತಾಲೂಕು ಕೇಂದ್ರಗಳಾಗಿವೆ. ನಾನು ನರ್ಸಿಂಗ್ ಓದುವಾಗ ಎರಡೂ ವಿಜಯಪುರ ತಾಲೂಕಿನ ಊರುಗಳೇ ಆಗಿದ್ದವು. ವಾರ್ಡಿನಲ್ಲಿ ಹೊಸದಾಗಿ ಬಂದ ಅಜ್ಜಿಯರು "ಯಾವ ಊರವ್ವಾ ನಿಂದು?" ಅಂತ ಕೇಳಿದರೆ, ಅವರು ಯಾವ ರೋಡಿನವರು ಅಂತ ನೋಡಿಕೊಂಡು ಆ ಕಡೆಯ ಊರಿನ ಹೆಸರು ಹೇಳುತ್ತೇನೆ. "ಹೌದಾ, ನಮ್ಮ ಕಡೆದಾಕಿ ಅದೀ ಹಂಗಾರ!" ಅನ್ನುತ್ತಾರೆ. ಅರ್ಧ ಹೆದರಿಕೆ ಅಲ್ಲಿಗೇ ಇಳಿಯುತ್ತದೆ.

ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯಿತು. ರೋಗಿಯನ್ನು ತಲೆಯಿಂದ ಕಾಲಿನವರೆಗೆ ನೋಡುವುದು, ನೋಡಿದ್ದನ್ನು ಬರೆಯುವುದು, ಬರೆದಂತೆ ಆರೈಕೆ ಮಾಡುವುದು – ಇದೇ ನನ್ನ ಅನ್ನ. ಆದರೆ ಈಗ ಇದನ್ನು ಬರೆಯಲು ಕೂತಿರುವುದಕ್ಕೆ ಕಾರಣ ಬೇರೆ. ನನ್ನ ಅತ್ತೆಯ ಎಡಗಾಲಿನ ಎರಡನೇ ಬೆರಳು. ಅದು ಈಗ ಇಲ್ಲ.

ಎಲ್ಲರ ಉಸಿರೂ 18

ಮೊದಲು ನನ್ನ ಹಳೆಯ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ರಾತ್ರಿ ಪಾಳಿ, ಇಪ್ಪತ್ತಕ್ಕೂ ಹೆಚ್ಚು ಹಾಸಿಗೆ, ನಾವಿಬ್ಬರೇ ನರ್ಸ್. ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿಪಿಗೆ ಮಷಿನ್ ಇದೆ, ಆಕ್ಸಿಜನ್‌ಗೆ ಬೆರಳಿಗೆ ಹಾಕುವ ಕ್ಲಿಪ್ ಇದೆ. ಉಸಿರಾಟಕ್ಕೆ ಮಾತ್ರ ನಾವೇ ನಿಂತು ಒಂದು ನಿಮಿಷ ಎಣಿಸಬೇಕು. ಆ ಒಂದು ನಿಮಿಷ ಯಾರಿಗಿದೆ? ನಾನು ಚಾರ್ಟಿನ ಆ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ 18, 18, 20, 18 ಅಂತ ಬರೆದುಕೊಂಡು ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್ ಚಾರ್ಟ್ ಹಿಡಿದು ನಿಂತರು. "ಏನವಾ, ಇವರೆಲ್ಲಾರೂ ರಾತ್ರಿ ಕೂಡಿ ಭಜನಿ ಮಾಡ್ಯಾರೇನ? ಒಂದ ತಾಳಕ್ಕ ಉಸಿರಾಡ್ಯಾರಲ್ಲ!" ಅಂದರು. ನಾನು ತಲೆ ತಗ್ಗಿಸಿದೆ. ಅವರು ನನ್ನ ಕೈ ಹಿಡಿದು ಕಿಟಕಿ ಪಕ್ಕದ ಹಾಸಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ. ಜ್ವರ ಇಲ್ಲ, ಕೆಮ್ಮು ಅಷ್ಟಕ್ಕಷ್ಟೇ. ಸುಮ್ಮನೆ ಮಲಗಿದ್ದಾರೆ. ಸಿಸ್ಟರ್ ನಾಡಿ ನೋಡುವವರಂತೆ ಅಜ್ಜನ ಮಣಿಕಟ್ಟು ಹಿಡಿದರು, ಕಣ್ಣು ಮಾತ್ರ ಎದೆಯ ಮೇಲೆ. ಉಸಿರು ಎಣಿಸುತ್ತಿದ್ದೇವೆ ಅಂತ ರೋಗಿಗೆ ಗೊತ್ತಾದರೆ ಉಸಿರಿನ ಲಯವೇ ಬದಲಾಗುತ್ತದೆ, ಅದಕ್ಕೆ ಈ ಉಪಾಯ. ಪೂರ್ತಿ ಒಂದು ನಿಮಿಷ. ಲೆಕ್ಕ 28 ಬಂತು.

ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಹಜ. ಬ್ರಿಟನ್‌ನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ 2012ರಲ್ಲಿ ರೂಪಿಸಿದ ಎಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರು 25 ಮುಟ್ಟಿದರೆ ಆ ಒಂದಕ್ಕೇ ಗರಿಷ್ಠ 3 ಅಂಕ. ಜ್ವರ, ಬಿಪಿ ಏರುಪೇರಾಗುವ ಮೊದಲೇ ಎಷ್ಟೋ ಸಲ ಉಸಿರು ಓಡಲು ಶುರು ಮಾಡಿರುತ್ತದೆ. ವಯಸ್ಸಾದವರಲ್ಲಿ ನ್ಯುಮೋನಿಯಾ ಜ್ವರವೇ ಇಲ್ಲದೆ ಬರಬಹುದು. ಅಜ್ಜನಿಗೆ ಆಗಿದ್ದೂ ಅದೇ. ಮಧ್ಯಾಹ್ನದೊಳಗೆ ಐಸಿಯುಗೆ ಕಳಿಸಿದರು. ಹತ್ತು ದಿನದ ಮೇಲೆ ಅವರು ನಡೆದುಕೊಂಡೇ ಮನೆಗೆ ಹೋದರು. ಹೋಗುವಾಗ ನನಗೆ ಒಂದು ಹಿಡಿ ಒಣದ್ರಾಕ್ಷಿ ಕೊಟ್ಟರು. "ರಾತ್ರಿ ಎಲ್ಲಾ ಎದ್ದು ನೋಡಿದಿ ತಂಗಿ" ಅಂದರು. ಆ ದ್ರಾಕ್ಷಿ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಅವತ್ತಿನಿಂದ ಎಣಿಸದೆ ಒಂದೇ ಒಂದು ಅಂಕಿ ಬರೆದಿಲ್ಲ.

ಕಣ್ಣು, ಮೂಗು, ಕೈ

ನರ್ಸ್ ಅಂದರೆ ಇಂಜೆಕ್ಷನ್ ಕೊಡುವವರು, ಗ್ಲೂಕೋಸ್ ಬಾಟಲಿ ಬದಲಿಸುವವರು ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾದ ಕೆಲಸ ಅದಕ್ಕೂ ಮೊದಲು ಶುರುವಾಗುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ 1859ರ ಸುಮಾರಿಗೆ ಬರೆದ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕೇ ಒಂದು ಅಧ್ಯಾಯ ಇದೆ. ಈಗಿನ ಪಾಠದಲ್ಲಿ ಅದಕ್ಕೆ ಅಸೆಸ್‌ಮೆಂಟ್ ಅಂತ ಹೆಸರು, ಐದು ಹಂತಗಳಲ್ಲಿ ಅದೇ ಮೊದಲನೆಯದು. ನೋಡು, ತೊಂದರೆ ಏನೆಂದು ಗುರುತಿಸು, ಏನು ಮಾಡಬೇಕೆಂದು ಯೋಚಿಸು, ಮಾಡು, ಮಾಡಿದ್ದು ಫಲ ಕೊಟ್ಟಿತೇ ಅಂತ ಮತ್ತೆ ನೋಡು. ಮೊದಲ 'ನೋಡು' ತಪ್ಪಿದರೆ ಉಳಿದ ನಾಲ್ಕೂ ತಪ್ಪು ದಾರಿ ಹಿಡಿಯುತ್ತವೆ.

ಒಬ್ಬೊಬ್ಬ ರೋಗಿಯನ್ನು ಒಂದೊಂದು ರೀತಿ ನೋಡಬೇಕು. ಕೆಲವು ನೆನಪು ಹೇಳುತ್ತೇನೆ. ಗುರುತು ಸಿಗಬಾರದೆಂದು ವಯಸ್ಸು, ಊರು ಸ್ವಲ್ಪ ಬದಲಿಸಿದ್ದೇನೆ.

ಅಕ್ಟೋಬರ್ ಚಾಟ್ನಿ ಮುಗಿದ ಮೇಲೆ ನಮ್ಮ ತಿಕೋಟಾ ಕಡೆ ದ್ರಾಕ್ಷಿ ತೋಟಗಳಲ್ಲಿ ಎಣ್ಣೆ ಹೊಡೆಯುವ ಕೆಲಸ ಜೋರು. ಒಂದು ಸಂಜೆ ಇಪ್ಪತ್ತೈದರ ಹುಡುಗನೊಬ್ಬನನ್ನು ಹೊತ್ತು ತಂದರು. "ಬಿಸಲಿಗೆ ಚಕ್ಕರ್ ಬಂದೈತ್ರಿ" ಅಂದರು ಜೊತೆಗಿದ್ದವರು. ಮೈತುಂಬ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು. ಟಾರ್ಚ್ ಹಾಕಿ ನೋಡಿದರೆ ಕಣ್ಣಿನ ಪಾಪೆ ಗುಂಡುಪಿನ್ನಿನ ತಲೆಯಷ್ಟು ಚಿಕ್ಕದಾಗಿದೆ. ಅಂಗಿಯಿಂದ ಔಷಧಿಯ ಘಾಟು. ಇದು ಬಿಸಿಲಲ್ಲ, ಕೀಟನಾಶಕ ಚರ್ಮದಿಂದ ಮೈಯೊಳಗೆ ಹೋಗಿದೆ. ಡಾಕ್ಟರಿಗೆ ಹೇಳಿ, ಕೈಗೆ ಗ್ಲೌಸ್ ಹಾಕಿಕೊಂಡು ಮೊದಲು ಮೈಮೇಲಿನ ಬಟ್ಟೆ ತೆಗೆದೆವು, ಸೋಪು ನೀರಲ್ಲಿ ಮೈ ತೊಳೆದೆವು. ಬಟ್ಟೆ ಹಾಗೇ ಬಿಟ್ಟು ಎಷ್ಟು ಇಂಜೆಕ್ಷನ್ ಕೊಟ್ಟರೂ ವಿಷ ಒಳಗೆ ಹೋಗುತ್ತಲೇ ಇರುತ್ತದೆ. ತೋಟದವರಿಗೆ ನಾನು ಹೇಳುವುದು ಒಂದೇ ಮಾತು: ಬರುವಾಗ ಆ ಡಬ್ಬಿ ಅಥವಾ ಅದರ ಚೀಟಿ ತರ್ರಿ. ಯಾವ ಔಷಧಿ ಅಂತ ಗೊತ್ತಾದರೆ ಅರ್ಧ ಕೆಲಸ ಹಗುರ.

ಇನ್ನೊಂದು ಶ್ರಾವಣ ಸೋಮವಾರ. ಬಸ್‌ಸ್ಟ್ಯಾಂಡಿನಲ್ಲಿ ತೂರಾಡುತ್ತಿದ್ದ ಒಬ್ಬ ಕಾಕಾನನ್ನು ಯಾರೋ ಪುಣ್ಯಾತ್ಮರು ಆಟೋದಲ್ಲಿ ಹಾಕಿ ತಂದರು. "ಕುಡದಾನ್ರಿ" ಅಂದರು. ಹಣೆಯಲ್ಲಿ ವಿಭೂತಿ, ಮೈ ತಣ್ಣಗೆ, ಅಂಗಿ ಒದ್ದೆ. ಬಾಯಿಯ ಹತ್ತಿರ ಮೂಗು ತಂದು ನೋಡಿದೆ, ಹೆಂಡದ ವಾಸನೆ ಇಲ್ಲ. ಬೆರಳಿಗೆ ಸೂಜಿ ಚುಚ್ಚಿ ನೋಡಿದರೆ ಸಕ್ಕರೆ 42. ಬೆಳಿಗ್ಗೆ ಇನ್ಸುಲಿನ್ ತಗೊಂಡಿದ್ದಾರೆ, ಉಪವಾಸ ಅಂತ ಏನೂ ತಿಂದಿಲ್ಲ. 70ಕ್ಕಿಂತ ಕೆಳಗಿಳಿದರೇ ಅಪಾಯ. ಎಚ್ಚರ ಇದ್ದರೆ ಮೂರು-ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಆಮೇಲೆ ಊಟ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕಾಕಾನಿಗೆ ನರದ ಮೂಲಕ ಗ್ಲೂಕೋಸ್ ಕೊಟ್ಟೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ನನ್ನ ಚೀಲ ಎಲ್ಲೈತ್ರಿ?" ಅಂದರು.

ಲಕ್ವ ಹೊಡೆದ ತಾಯಿಯೊಬ್ಬರನ್ನು ಬೆಳಿಗ್ಗೆ ಆರಕ್ಕೆ ಕಂಡವರು, ಆಸ್ಪತ್ರೆಗೆ ತಂದಿದ್ದು ಸಂಜೆ. ಬಾಯಿ ಸೊಟ್ಟ ಆಗಿದೆ, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲು. ಈ ಮೂರರಲ್ಲಿ ಒಂದು ಕಂಡರೂ ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡಬೇಕು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ತಾಸಷ್ಟೇ ಅವಕಾಶ. ಇವರು ಹಾದಿಯಲ್ಲಿ ಎರಡು ಸಲ ಚಹಾ ಬೇರೆ ಕುಡಿಸಿದ್ದರು. ನುಂಗುವ ಶಕ್ತಿ ಇದೆಯೋ ಇಲ್ಲವೋ ಅಂತ ಪರೀಕ್ಷೆ ಆಗುವವರೆಗೆ ಲಕ್ವದ ರೋಗಿಗೆ ಒಂದು ಗುಟುಕು ನೀರೂ ಕೊಡಬಾರದು. ಆಮೇಲಿನ ಆರೈಕೆಯೆಲ್ಲ ಬೆನ್ನಿನದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಸೊಂಟ, ಹಿಮ್ಮಡಿ ಕೆಂಪಾಗಿದೆಯೇ ಅಂತ ನೋಡುವುದು. ಹಾಸಿಗೆ ಹುಣ್ಣಾದ ಮೇಲೆ ವಾಸಿ ಮಾಡುವುದಕ್ಕಿಂತ ಆಗದಂತೆ ನೋಡಿಕೊಳ್ಳುವುದು ಎಷ್ಟೋ ಸುಲಭ.

ಹೀಗೆ ಪಾಪೆ ನೋಡಿದೆ, ಬಾಯಿಯ ವಾಸನೆ ನೋಡಿದೆ, ಬೆನ್ನು ನೋಡಿದೆ. ಸಕ್ಕರೆ ಕಾಯಿಲೆಯ ರೋಗಿ ಬಂದರೆ ಮೊದಲು ಕಾಲುಚೀಲ ಬಿಚ್ಚಿಸಿ ಪಾದ ನೋಡಿದೆ. ಬಂದವರಿಗೆಲ್ಲ "ಕಾಲು ನೋಡ್ಕೋರಿ, ಬರಿಗಾಲಲ್ಲಿ ಅಡ್ಡಾಡಬ್ಯಾಡ್ರಿ" ಅಂತ ಹೇಳಿ ಹೇಳಿ ಬಾಯಿಪಾಠ ಆಗಿತ್ತು.

ಭಾನುವಾರದ ಸೊಸೆ

ನಮ್ಮ ಅತ್ತೆಗೆ ಸಕ್ಕರೆ ಇರುವುದು ಗೊತ್ತಾಗಿ ಆಗ ಆರು ವರ್ಷವಾಗಿತ್ತು. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನ ಅಂದಾಜು ಮಾಡಿದೆ. ಆ 10 ಕೋಟಿಯಲ್ಲಿ ನಮ್ಮ ಅತ್ತೆಯೂ ಒಬ್ಬರು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಗುಳಿಗೆ ನುಂಗುತ್ತಿದ್ದರು, ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದರು, ಹೊಲಕ್ಕೆ ಹೋಗುತ್ತಿದ್ದರು.

ನಾನು, ನಮ್ಮವರು, ಮಗಳು ವಿಜಯಪುರದಲ್ಲಿ ಬಾಡಿಗೆ ಮನೆಯಲ್ಲಿ. ಎರಡು ವಾರಕ್ಕೊಮ್ಮೆ ಭಾನುವಾರ ಬಬಲೇಶ್ವರ. ಹೋದ ತಕ್ಷಣ ಅತ್ತೆಯ ಪಾದ ಮುಟ್ಟಿ ನಮಸ್ಕಾರ. ಆಮೇಲೆ ಚೀಲದಿಂದ ಗ್ಲೂಕೋಮೀಟರ್ ತೆಗೆದು ಬೆರಳಿಗೆ ಸೂಜಿ. 124, 131, 128. "ಛಲೋ ಐತಿ ಬಿಡ್ರಿ ಅತ್ತಿ" ಅನ್ನುತ್ತಿದ್ದೆ. ಅವರೂ ಖುಷಿ, ನಾನೂ ಖುಷಿ. ಅಡುಗೆ ಮನೆಗೆ ಹೋದರೆ ಅಲ್ಲಿ ನಾನು ನರ್ಸ್ ಅಲ್ಲ, ಸೊಸೆ. ಸಂಜೆ ಬಸ್ ಹತ್ತುವ ತನಕ ಸೊಸೆಯೇ.

ಎರಡು ವರ್ಷದ ಹಿಂದೆ ಹೋಳಿ ಹುಣ್ಣಿಮೆ ಆದ ಮೇಲಿನ ಭಾನುವಾರ. ನಮ್ಮ ಕಡೆ ಅದು ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆಯ ಹೊತ್ತು. ಯುಗಾದಿಗೆ ಮಲ್ಲಯ್ಯನ ಸನ್ನಿಧಿಯಲ್ಲಿ ಇರಬೇಕು ಅಂತ ಉತ್ತರ ಕರ್ನಾಟಕದ ಊರೂರುಗಳಿಂದ ಜನ ನಡೆದು ಹೊರಡುತ್ತಾರೆ. ಅತ್ತೆ ಪ್ರತಿ ವರ್ಷ ಪಾದಯಾತ್ರಿಕರಿಗೆ ನೀರು, ಮಜ್ಜಿಗೆ ಕೊಟ್ಟು, ಅವರ ಜೊತೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹೋಗಿ ಬರುವವರು. ಮಾವ ತೀರಿಕೊಂಡ ವರ್ಷದಿಂದ ತಪ್ಪಿಸಿಲ್ಲ.

ಅವತ್ತು ನಾನು ಬಾಗಿ ಪಾದ ಮುಟ್ಟಿದೆ. ಮೂಗಿಗೆ ಒಂದು ವಾಸನೆ ಬಡಿಯಿತು.

ಅರಿಶಿಣ, ಕೊಬ್ಬರಿ ಎಣ್ಣೆ, ಅದರ ಕೆಳಗೆ ಇನ್ನೊಂದು. ಆ ಇನ್ನೊಂದನ್ನು ನಾನು ಹನ್ನೊಂದು ವರ್ಷದಿಂದ ಬಲ್ಲೆ. ಡ್ರೆಸ್ಸಿಂಗ್ ರೂಮಿನ ಬಾಗಿಲು ತೆಗೆದಾಗ ಬರುವ ವಾಸನೆ ಅದು.

"ಅತ್ತಿ, ಕಾಲು ತೋರಿಸ್ರಿ" ಅಂದೆ.

ಅವರು ಸೀರೆ ಕೆಳಗೆ ಎಳೆದುಕೊಂಡರು. "ಏನಿಲ್ಲ ಬಿಡ ಯವ್ವಾ. ಸುಗ್ಗಿಗೆ ಹೋದಾಗ ಜೋಳದ ಕೂಳಿ ಚುಚ್ಚಿತ್ತು. ಅರಿಶಿಣ ಹಚ್ಚೀನಿ. ನೂಸಂಗಿಲ್ಲ ಮಾಡಂಗಿಲ್ಲ."

ನೋಯುವುದಿಲ್ಲ ಅಂದ ಆ ಮಾತೇ ನನ್ನ ಎದೆ ಒಡೆಯಿತು. ಕೂಳೆ ಚುಚ್ಚಿ ಮೂರು ವಾರ ಆದ ಗಾಯ ನೋಯಬೇಕು. ನೋಯದಿದ್ದರೆ ನರ ಸತ್ತಿದೆ ಅಂತ ಅರ್ಥ.

"ಇನ್ನೂ ಮುಟ್ಟಿಲ್ಲೇನ ಯವ್ವಾ?"

ಅವರನ್ನು ಪಡಸಾಲೆಯ ಹೊರಸಿನ ಮೇಲೆ ಕೂರಿಸಿ, ಪಾದ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಎಡಗಾಲಿನ ಎರಡನೇ ಬೆರಳಿನ ಬುಡದಲ್ಲಿ, ಅಡಿಭಾಗದಲ್ಲಿ, ದಪ್ಪ ಚರ್ಮದ ನಡುವೆ ಒಂದು ತೂತು. ನೋಡಲು ಹುಣಸೆಬೀಜದಷ್ಟೇ. ಬೆರಳು ಮಾತ್ರ ಊದಿ ಕೆಂಪಾಗಿ, ಮುಟ್ಟಿದರೆ ಬಿಸಿ.

ಮನೆಯಲ್ಲಿ ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಒಂದು ಪರೀಕ್ಷೆ ಇದೆ. ಇಪ್ಸ್‌ವಿಚ್ ಟಚ್ ಟೆಸ್ಟ್ ಅನ್ನುತ್ತಾರೆ. ರೋಗಿ ಕಣ್ಣು ಮುಚ್ಚಿರಬೇಕು. ನಾವು ನಮ್ಮ ತೋರುಬೆರಳಿನಿಂದ ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡ್ ಹಗುರಾಗಿ ಮುಟ್ಟಬೇಕು, ಒತ್ತಬಾರದು. ಮುಟ್ಟಿದ್ದು ಗೊತ್ತಾದಾಗ ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಪಾದದ ಸ್ಪರ್ಶ ಕಡಿಮೆಯಾಗಿದೆ ಅಂತ ಲೆಕ್ಕ.

"ಅತ್ತಿ, ಕಣ್ಣು ಮುಚ್ಚರಿ. ನಾ ಮುಟ್ಟಿದಾಗ ಹೂಂ ಅನ್ರಿ."

ಬಲಗಾಲಿನ ಹೆಬ್ಬೆರಳು. ನಡುಬೆರಳು. ಕಿರುಬೆರಳು. ಎಡಗಾಲಿನ ಹೆಬ್ಬೆರಳು. ನಡುಬೆರಳು. ಕಿರುಬೆರಳು. ಆರೂ ಮುಟ್ಟಿ ಮುಗಿಸಿದೆ.

ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಇನ್ನೂ ಮುಟ್ಟಿಲ್ಲೇನ ಯವ್ವಾ?"

ನಾನು ಏನೂ ಹೇಳಲಿಲ್ಲ. ಆರು ವರ್ಷ ನಮಸ್ಕಾರ ಮಾಡುವಾಗ ನನ್ನ ಬೆರಳು ತಾಗಿದ್ದು ಅವರಿಗೆ ಯಾವಾಗಿನಿಂದ ಗೊತ್ತಾಗುತ್ತಿರಲಿಲ್ಲವೋ ಏನೋ. ಹಬ್ಬಕ್ಕೆ, ಹುಣ್ಣಿಮೆಗೆ, ಪ್ರತಿ ಭಾನುವಾರ ಆ ಪಾದ ಮುಟ್ಟಿದ್ದೇನೆ. ಒಮ್ಮೆಯೂ ಅದರ ಅಡಿ ತಿರುಗಿಸಿ ನೋಡಿರಲಿಲ್ಲ.

ಅವತ್ತೇ ವಿಜಯಪುರಕ್ಕೆ ಕರೆತಂದೆವು. ಎಕ್ಸ್‌ರೇಯಲ್ಲಿ ಸೋಂಕು ಎಲುಬಿಗೆ ಇಳಿದದ್ದು ಕಾಣಿಸಿತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದರೆ 10.2. ನನಗೆ ನಂಬಿಕೆ ಆಗಲಿಲ್ಲ. ಭಾನುವಾರದ ನನ್ನ 124, 131 ಎಲ್ಲಿ ಹೋದವು?

ರಾತ್ರಿ ಹಾಸಿಗೆ ಪಕ್ಕ ಕೂತು ಕೇಳಿದಾಗ ಅತ್ತೆ ಸಣ್ಣ ದನಿಯಲ್ಲಿ ಹೇಳಿದರು: "ನೀ ಬರೂ ವಾರ ಶನಿವಾರ ರಾತ್ರಿ ಉಣ್ಣತಿರಲಿಲ್ಲವಾ. ನೀ ನೋಡಿ ಸಪ್ಪಗಾಗಬಾರದು ಅಂತ."

"ಮತ್ತ ಕಾಲಿಂದ ಯಾಕ ಹೇಳಲಿಲ್ರಿ?"

"ವಾರೆಲ್ಲಾ ಮಂದಿ ಕಾಲು ತೊಳೀತಿ. ಸೂಟಿ ದಿನ ಮನ್ಯಾಗೂ ಅದನ್ನ ಮಾಡಸ್ಲೇನ? ಮ್ಯಾಲ ನೀ ಮಲ್ಲಯ್ಯನ ಮಂದಿ ಸೇವಾಕ್ಕ ಹೋಗಬ್ಯಾಡ ಅಂತಿದ್ದಿ."

ಏನು ಹೇಳಲಿ? ಮನೆಯಲ್ಲಿ ನರ್ಸ್ ಇದ್ದರೆ ಎಲ್ಲ ಸರಿ ಇರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ನನ್ನ ಮುಂದೆ ಒಳ್ಳೆಯ ಅಂಕಿ ಬರಲಿ ಅಂತ ಅವರು ಉಪವಾಸ ಇದ್ದರು. ನಾನು ಆ ಅಂಕಿ ನೋಡಿ ಮನುಷ್ಯರನ್ನು ನೋಡುವುದು ಬಿಟ್ಟಿದ್ದೆ. ಎಣಿಸದೆ 18 ಬರೆದದ್ದಕ್ಕೂ ಇದಕ್ಕೂ ಏನು ದೊಡ್ಡ ವ್ಯತ್ಯಾಸ?

ಬೆರಳು ಉಳಿಸಲಾಗಲಿಲ್ಲ. ಸರ್ಜನ್ ಅದೊಂದನ್ನು ತೆಗೆದು ಉಳಿದ ಪಾದ ಉಳಿಸಿದರು. ಆಪರೇಷನ್ ಒಪ್ಪಿಗೆಗೆ ನಮ್ಮವರು ಸಹಿ ಮಾಡಿದರು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ.

ಮುಂದಿನ ಹತ್ತು ವಾರ ಅತ್ತೆ ನಮ್ಮ ಮನೆಯಲ್ಲೇ ಇದ್ದರು. ಇನ್ಸುಲಿನ್ ಶುರುವಾಯಿತು. ದಿನಾ ಸಲೈನಿನಲ್ಲಿ ಗಾಯ ತೊಳೆದು ಡ್ರೆಸ್ಸಿಂಗ್. ಅರಿಶಿಣ, ಸುಣ್ಣ, ಬೂದಿ ಯಾವುದೂ ಇಲ್ಲ. ಎಲ್ಲಕ್ಕಿಂತ ಕಷ್ಟದ ಔಷಧಿ ಅಂದರೆ ಆ ಕಾಲಿನ ಮೇಲೆ ಭಾರ ಹಾಕದಿರುವುದು. ಡಾ. ಪಾಲ್ ಬ್ರಾಂಡ್ ಅಂತ ಒಬ್ಬರು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳ ಕೈಕಾಲಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಬೆರಳು ಕೊಳೆಯುವುದು ರೋಗದಿಂದ ಅಷ್ಟೇ ಅಲ್ಲ, ನೋವು ಗೊತ್ತಾಗದ್ದರಿಂದ ಗಾಯದ ಮೇಲೆ ಗಾಯವಾಗಿ ಅನ್ನುವುದನ್ನು ತೋರಿಸಿಕೊಟ್ಟವರು. ಸಕ್ಕರೆ ಕಾಯಿಲೆಯ ಪಾದದ್ದೂ ಅದೇ ಕಥೆ. ನಮಗೆ ಕಾಲಲ್ಲಿ ಮುಳ್ಳು ಚುಚ್ಚಿದರೆ ಕುಂಟುತ್ತೇವೆ, ಕುಂಟುವುದರಿಂದಲೇ ಗಾಯಕ್ಕೆ ವಿಶ್ರಾಂತಿ. ನೋವು ಗೊತ್ತಾಗದವರು ಅದೇ ಗಾಯದ ಮೇಲೆ ಹೊಲಕ್ಕೂ ಹೋಗುತ್ತಾರೆ, ಗುಡಿಗೂ ಹೋಗುತ್ತಾರೆ.

ಒಂದು ದಿನ ಡ್ರೆಸ್ಸಿಂಗ್ ಮಾಡುವಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ಅತ್ತೆಗೆ ಕಂಡಿತು. "ಒಂದ ಬಟ್ಟು ಹೋದ್ರ ಏನಾತ, ಉಳದ ಒಂಬತ್ತು ಅದಾವಲ್ಲ. ಅಳಬ್ಯಾಡ. ಅವನ್ನ ಕಾಯೋಣ" ಅಂದರು. ಅವರು ಅಂದದ್ದೇ ಸರಿ. ಕಾಯುವುದು ನರ್ಸಿಂಗ್‌ನ ಅರ್ಧ ಕೆಲಸ.

ಊರಿಗೆ ಹೋದಾಗ ಹತ್ತು ನಿಮಿಷ

ಇದನ್ನು ಓದುತ್ತಿರುವ ನೀವು ಬೆಂಗಳೂರಲ್ಲೋ ಪುಣೆಯಲ್ಲೋ ಇರಬಹುದು. ಶುಕ್ರವಾರ ರಾತ್ರಿ ಬಸ್ ಹತ್ತಿ ಊರಿಗೆ ಹೋಗುವವರು. ಫೋನಿನಲ್ಲಿ "ಆರಾಮ ಅದೀಯವ್ವಾ?" ಅಂತ ಕೇಳಿದರೆ ಊರಿನ ತಾಯಂದಿರೆಲ್ಲರ ಉತ್ತರ ಒಂದೇ: "ನಾ ಆರಾಮ ಅದೀನಿ, ನೀ ಉಂಡಿ?" ಅದನ್ನು ನಂಬಬೇಡಿ. ಹೋದಾಗ ಹತ್ತು ನಿಮಿಷ ಕೂತು ನೋಡಿ. ಇದಕ್ಕೆ ನರ್ಸಿಂಗ್ ಓದಿರಬೇಕಿಲ್ಲ.

ಅವರು ಮಾತಾಡುವಾಗ ಮುಖ ನೋಡಿ. ಎರಡೂ ಕಡೆ ಒಂದೇ ರೀತಿ ಇದೆಯೇ? ಟಿವಿ ನೋಡುತ್ತ ಕೂತಾಗ ಅವರಿಗೆ ಗೊತ್ತಾಗದಂತೆ ಒಂದು ನಿಮಿಷ ಉಸಿರು ಎಣಿಸಿ. ಸುಮ್ಮನೆ ಕೂತಿದ್ದಾಗಲೂ 24 ದಾಟಿದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳಿನಿಂದ ಐದು ಸೆಕೆಂಡ್ ಒತ್ತಿ ಬಿಡಿ. ಗುಂಡಿ ಬಿದ್ದು ಹಾಗೇ ಉಳಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ. ಹೃದಯ, ಕಿಡ್ನಿ, ಲಿವರ್ ಯಾವುದಾದರೂ ಇರಬಹುದು, ಬಿಪಿ ಗುಳಿಗೆಯಿಂದಲೂ ಇರಬಹುದು. ಕಾರಣ ಡಾಕ್ಟರ್ ಹೇಳಲಿ, ಗುಂಡಿ ನೀವು ನೋಡಿ.

ಕುರ್ಚಿಯಿಂದ ಏಳಲು ಎಷ್ಟು ಹೊತ್ತು ಹಿಡಿಯುತ್ತದೆ, ಗೋಡೆ ಹಿಡಿದು ನಡೆಯುತ್ತಾರಾ, ಬಳೆ, ಕುಪ್ಪಸ ಸಡಿಲಾಗಿದೆಯಾ ನೋಡಿ. ಗುಳಿಗೆ ಡಬ್ಬಿ ತೆಗೆದು ಎಣಿಸಿ. ಖಾಲಿಯಾಗಬೇಕಿದ್ದ ಪಟ್ಟಿ ಅರ್ಧ ಉಳಿದಿದ್ದರೆ ಬೈಯಬೇಡಿ. ಯಾಕೆ ಅಂತ ಕೇಳಿ. ತಲೆ ಸುತ್ತುತ್ತದೆ ಅಂತಲೋ, ದುಡ್ಡು ಉಳಿಸಬೇಕು ಅಂತಲೋ ಕಾರಣ ಇದ್ದೇ ಇರುತ್ತದೆ. ಸಕ್ಕರೆಗೆ ಬೆರಳು ಚುಚ್ಚಿ ನೋಡಿದ್ದಷ್ಟೇ ಸಾಲದು. ಎಚ್‌ಬಿಎ1ಸಿ ಯಾವಾಗ ಮಾಡಿಸಿದ್ದು, ಕಣ್ಣಿನ ಪರದೆ ಯಾವಾಗ ತೋರಿಸಿದ್ದು ಕೇಳಿ. ಆ ಪರೀಕ್ಷೆಯನ್ನು ಹಿಂದಿನ ರಾತ್ರಿ ಉಪವಾಸ ಇದ್ದು ಮೋಸ ಮಾಡಲಾಗದು!

ಕೊನೆಗೆ ಕಾಲು. ನಮಸ್ಕಾರ ಮಾಡಿದ ಮೇಲೆ ಅಲ್ಲೇ ಕೆಳಗೆ ಕೂತು ಪಾದ ಕೈಗೆ ತೆಗೆದುಕೊಳ್ಳಿ. ಅಡಿ ನೋಡಿ, ಹಿಮ್ಮಡಿಯ ಬಿರುಕು ನೋಡಿ, ಬೆರಳ ಸಂದು ನೋಡಿ. ಆರು ಕಡೆ ಮುಟ್ಟಿ ಕೇಳಿ. ಬಿಸಿನೀರು ಕಾಲಿಗೆ ಹಾಕುವ ಮೊದಲು ಮೊಣಕೈಯಿಂದ ಬಿಸಿ ನೋಡಿಕೊಳ್ಳಲು ಹೇಳಿ. ನಮ್ಮ ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಗುಡಿಯ ಅಂಗಳದ ಕಲ್ಲು ಕಾದ ಹಂಚಿನಂತಿರುತ್ತದೆ. ಸ್ಪರ್ಶ ಇಲ್ಲದ ಕಾಲಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಮುಂದಿನ ಸಲ ಹೋಗುವಾಗ ಸೀರೆಯ ಬದಲು ಒಂದು ಜೊತೆ ಮೆತ್ತನೆಯ ಎಂಸಿಆರ್ ಚಪ್ಪಲಿ ಒಯ್ಯಿರಿ.

ನಾಚಿಕೆ ಆಗುತ್ತದೆ, ಅವರಿಗೂ ನಿಮಗೂ. ನನಗೂ ಆಗಿತ್ತು. ಆ ನಾಚಿಕೆಯ ಬೆಲೆ ಏನೆಂದು ನಾನು ನೋಡಿದ್ದೇನೆ.

ಈಗ ಅತ್ತೆ ಬಬಲೇಶ್ವರಕ್ಕೆ ಮರಳಿದ್ದಾರೆ. ಹಾಸಿಗೆ ಪಕ್ಕ ಒಂದು ಕೈಗನ್ನಡಿ ಇದೆ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವ ಮೊದಲು ಕನ್ನಡಿಯಲ್ಲಿ ಅಂಗಾಲು ನೋಡಿಕೊಳ್ಳುತ್ತಾರೆ. ಓಣಿಯ ಗೆಳತಿಯರಿಗೂ ಕನ್ನಡಿ ಹಿಡಿದು ಕಾಲು ನೋಡುತ್ತಾರಂತೆ. "ಸಕ್ರಿ ಇದ್ದಾವ್ರು ಮಾರಿ ನೋಡಕೊಳ್ಳೂದಕ್ಕಿಂತ ಕಾಲು ನೋಡಕೋಬೇಕು" ಅಂತ ಅವರದೇ ಪಾಠ. ಮಲ್ಲಯ್ಯನ ಸೇವೆಯನ್ನೂ ಬಿಟ್ಟಿಲ್ಲ. ಗಿಡದ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಕಾಲಿಗೆ ಚಪ್ಪಲಿ ಹಾಕಿಕೊಂಡು ಮಜ್ಜಿಗೆ ಕೊಡುತ್ತಾರೆ. "ಮಲ್ಲಯ್ಯ ಏನ ಚಪ್ಪಲ್ ನೋಡಂಗಿಲ್ಲ" ಅಂತ ಈಗ ಅವರೇ ಹೇಳುತ್ತಾರೆ.

ಈ ವರ್ಷದ ಯುಗಾದಿಗೆ ಹೋಗಿದ್ದೆವು. ಬೇವು-ಬೆಲ್ಲ ಕೊಟ್ಟರು. ನಾನು ನಮಸ್ಕಾರಕ್ಕೆ ಬಾಗಿದೆ. ಅತ್ತೆ ಹೊರಸಿನ ಮೇಲೆ ಕೂತು, ಸೀರೆ ಒಂದಿಷ್ಟು ಮೇಲೆ ಎತ್ತಿ, ಎಡಪಾದದ ಅಡಿಯನ್ನು ನನ್ನ ಮುಖದ ಕಡೆ ತಿರುಗಿಸಿದರು.

"ಮೊದಲ ಇದನ್ನ ನೋಡು. ಆಮ್ಯಾಲ ನಮಸ್ಕಾರ ಮಾಡು."